ಪಿಎಚ್‌.ಡಿ.ಗಾಗಿ ಬೀಸಿದ ರಾಗಿ

“ಕಲ್ಲು ತಿರುಗದೆ ನಂಗೆ ಪದ ಬರಲ್ಲ ಮೇಷ್ಟ್ರೇ. ಆ ಕಡೆ ಕೂತ್ಕೊಂಡು ಗೂಟ ಹಿಡೀರಿ” ಅಂದರು ರಾಜಘಟ್ಟದ ಗಂಗಮ್ಮಜ್ಜಿ.

ಎಪ್ಪತ್ತರ ದಶಕದ ಮಾತು. ನಾನು ಕನ್ನಡ ಅಧ್ಯಾಪಕ. ಊರು ಬಿಟ್ಟು ಬಂದವರ ಹಾಡುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೆ. ಅಜ್ಜಿಯ ಮನೆಯವರು ಮಡಕಶಿರಾ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು. ಆ ದಾರಿಯ ಕಥೆಯೆಲ್ಲ ಅವರ ಬೀಸೋ ಪದದಲ್ಲಿದೆ ಎಂದು ಕೇಳಿ, ಕಾಲೇಜಿನ ಟೇಪ್ ರೆಕಾರ್ಡರ್ ಹೊತ್ತು ಹೋಗಿದ್ದೆ.

ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಕೂತು ರಾಗಿಕಲ್ಲಿನ ಗೂಟ ಹಿಡಿದೆ. ಹಾಡಿನ ಗಾಡಿ ಇನ್ನೂ ಹಿಂದೂಪುರ ದಾಟಿರಲಿಲ್ಲ, ಅಷ್ಟರಲ್ಲೇ ನನ್ನ ರಟ್ಟೆ ಬಿದ್ದುಹೋಯಿತು. ನಾನು ಕೈ ನಿಲ್ಲಿಸಿದರೆ ಅಜ್ಜಿ ಬಾಯಿ ನಿಲ್ಲಿಸೋರು. ಅಂತೂ ಗಾಡಿ ದೊಡ್ಡಬಳ್ಳಾಪುರ ಮುಟ್ಟಿತು, ಮೊರದಲ್ಲಿದ್ದ ರಾಗಿಯೂ ಮುಗಿಯಿತು. ಉಸ್ಸಪ್ಪಾ ಎಂದು ಏಳಹೋದರೆ, ಅಜ್ಜಿ ಒಳಗಿನಿಂದ ಇನ್ನೊಂದು ಮೊರ ತಂದಿಟ್ಟು, “ಕೂತ್ಕೊಳ್ಳಿ, ಇನ್ನೊಂದು ಪದ ಗ್ಯಾಪಕಕ್ಕೆ ಬಂತು” ಅಂದರು. ಬಾಗಿಲಲ್ಲಿ ಪಕ್ಕದ ಮನೆಯಾಕೆಯೂ ಮೊರ ತುಂಬ ರಾಗಿ ಹಿಡಿದು ನಿಂತಿದ್ದರು.

ಆ ಟೇಪನ್ನು ನಮ್ಮ ಮಾರ್ಗದರ್ಶಕರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಅಜ್ಜಿಯ ಕಂಠವನ್ನು ಮೆಚ್ಚಿಕೊಂಡು, ಹಿಂದೆ ಏದುಸಿರು ಬಿಡುತ್ತಿರುವ ಮುದುಕನನ್ನೂ ಬೇಗ ಹೋಗಿ ಮಾತಾಡಿಸು, ಪಾಪ ಬಹಳ ದಿನ ಇರೋ ಹಾಗೆ ಕಾಣಲ್ಲ ಎಂದರು. ನನಗಾಗ ಇಪ್ಪತ್ತಾರು ವರ್ಷ.