ಜಗಲಿಯ ಮೇಲಿನ ಸಾಲು

ಶಿರಂಗಾಲದಲ್ಲಿ ನಮ್ಮ ಪಕ್ಕದ ಮನೆಯ ಲಿಂಗಮ್ಮನನ್ನು ಊರು ಗಯ್ಯಾಳಿ ಅನ್ನುತ್ತಿತ್ತು. ಅನ್ನಲಿ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ, ಹೊಳೆ ದಾಟಿದರೆ ಮೈಸೂರು ರಾಜ್ಯ ಸಿಗುತ್ತಿದ್ದ ಆ ಕಾಲದಲ್ಲಿ, ಮಾತಾಡದ ಮಗಳಿದ್ದ ವಿಧವೆಗೆ ಗಯ್ಯಾಳಿತನ ಬಿಟ್ಟರೆ ಬೇರೆ ಆಸರೆ ಏನಿತ್ತು?

ಮಗಳು ಮುತ್ತಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಗದ್ದಲವಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಇದಕ್ಕೆ ಈಗ ಆಟಿಸಂ ಅನ್ನುತ್ತಾರೆ. ಆಗ ದೆವ್ವ ಅನ್ನುತ್ತಿದ್ದರು. ಶಾಲೆಯ ಮೇಷ್ಟ್ರು "ನನ್ನ ಮುಖ ನೋಡಿ ಅ ಆ ಹೇಳು" ಎಂದು ಹಟ ಹಿಡಿದು, ಸೋತು, ಮನೆಗೆ ಕಳಿಸಿದ್ದರು.

ಒಂದು ಸುಗ್ಗಿಯಲ್ಲಿ ರಾಗಿ ಅಳೆಯುವಾಗ ಮುತ್ತಿ ಕಣಕ್ಕೆ ನುಗ್ಗಿ ಕಿರುಚಿಬಿಟ್ಟಳು. ನಮ್ಮಲ್ಲಿ ರಾಶಿ ಅಳೆಯುವ ಹೊತ್ತಿಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಅಳೆಯುವವನು ಮೊದಲ ಕೊಳಗಕ್ಕೆ 'ಒಂದು' ಅನ್ನದೆ 'ಲಾಭ' ಅನ್ನುತ್ತಾನೆ, ಆಮೇಲೆ ಎಣಿಕೆ ಮಾತ್ರ ಕೇಳಬೇಕು. ಬೇರೆ ಸದ್ದು ಬಿದ್ದರೆ ಅಳೆದದ್ದನ್ನೆಲ್ಲ ರಾಶಿಗೆ ಸುರಿದು ಮತ್ತೆ ಲಾಭದಿಂದ ಶುರು ಮಾಡಬೇಕು. ಅಳೆಯುತ್ತಿದ್ದವನು ಲಿಂಗಮ್ಮನ ಬಾವ, ಅವಳ ಗಂಡನ ಅಣ್ಣ ಜವರಯ್ಯ. ಅವನು ಅದನ್ನು ಮರೆಯಲಿಲ್ಲ.

"ಈ ಸಲ ಅವ್ಳು ಕಣದಲ್ಲಿ ಬಾಯಿ ತೆಗೆದ್ರೆ ಹೊಳೆ ದಾಟ್ಸಿ ಯಾವ್ದಾರ ಮಠದಲ್ಲಿ ಬಿಟ್ಬತ್ತೀನಿ" ಎಂದು ಮರುವರ್ಷ ಸುಗ್ಗಿಗೆ ಮುಂಚೆಯೇ ಬಂದು ಹೇಳಿದ. "ಇಲ್ಲಾ, ಒಳಗೆ ಕೂಡಾಕು."

ಬಾವನ ಎದುರು ಬಾಗಿಲ ಮರೆಯಲ್ಲಿ ನಿಂತು ಮಾತಾಡಬೇಕಾದ ಲಿಂಗಮ್ಮ ಹೊರಗೆ ಬಂದಳು. "ಕೂಡಾಕಲ್ಲ ಬಾವ. ಕಣಕ್ಕೂ ಬತ್ತಾಳೆ, ಮನೇಲೂ ಇರ್ತಾಳೆ."

ನಮ್ಮಮ್ಮ ಹೆದರಿ, ಮೊದಲು ನಾಲ್ಕು ಮಾತಾದರೂ ಕಲಿಸು ಅಂದಳು. "ಮಾತು ಈ ವರ್ಷದ ಕೆಲಸ ಅಲ್ಲಕ್ಕ" ಅಂದಳು ಲಿಂಗಮ್ಮ. "ಕಣದಲ್ಲಿ ನಿಲ್ಲೋದು ಈ ವರ್ಷದ್ದು."

ಮರುದಿನದಿಂದ ಜಗಲಿಯ ಮೇಲೆ ಒಂದು ಸಾಲು ಬಂತು. ಚೊಂಬು, ಪೊರಕೆ, ಮೊರ, ಕೊನೆಗೆ ಬೆಲ್ಲದ ಚೂರು. ಅಂದು ಯಾವ ಕೆಲಸವೋ ಆ ಸಾಮಾನು, ಆ ಕ್ರಮದಲ್ಲಿ. ಒಂದು ಕೆಲಸ ಮುಗಿದರೆ ಮುತ್ತಿಯೇ ಬಂದು ಅದನ್ನು ಬೋರಲು ಹಾಕುತ್ತಿದ್ದಳು. ಬೇರೆ ಯಾರೂ ಸಾಲನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಮೊರ ಸರಿಸಿದ್ದಕ್ಕೆ ಲಿಂಗಮ್ಮ ನನ್ನ ಕೈಗೇ ಬಾರಿಸಿದ್ದಳು. ಮೊದಲು ಖಾಲಿ ಕಣದ ಅಂಚಿಗೆ ನೀರು ಒಯ್ಯುವುದಷ್ಟೇ ಕೆಲಸ. ಆಮೇಲೆ ಅಲ್ಲೇ ಕೂತು ಸಗಣಿ ಸಾರಿಸುವುದು. ಅದು ಮುತ್ತಿಗೆ ಎಷ್ಟು ಹಿಡಿಸಿತೆಂದರೆ ಎಬ್ಬಿಸುವುದೇ ಕಷ್ಟವಾಯಿತು. ತೆನೆಯ ಮೇಲೆ ರೋಣಗಲ್ಲು ಗಡಗಡ ಉರುಳುವ ಒಕ್ಕಣೆಯ ದಿನ ಮಾತ್ರ ಕಿರುಚಿ ಓಡಿದಳು. ಲಿಂಗಮ್ಮ ಬಯ್ಯಲಿಲ್ಲ. ಮಾರನೆಯ ದಿನ ಸಾಲಿನಲ್ಲಿ ಬರೀ ಚೊಂಬು ಇಟ್ಟಳು, ಮತ್ತೆ ಅಂಚಿನಿಂದ ಶುರು ಮಾಡಿದಳು.

ಅಳೆಯುವ ದಿನ ಬಂತು. ಜವರಯ್ಯನ ಎಣಿಕೆ ಅರ್ಧಕ್ಕೆ ಬಂದಿರಬೇಕು, ಮುತ್ತಿ ಸೊಂಟಕ್ಕೆ ಮೊರ ಇಟ್ಟುಕೊಂಡು ಸೀದಾ ಬಂದು ರಾಶಿಯ ಪಕ್ಕ ನಿಂತಳು.

"ಯಾವಳೇ ಇವಳನ್ನ ಬಿಟ್ಟೋಳು!" ಜವರಯ್ಯ ಅರಚಿದ.

ಮುತ್ತಿ ಮೊರ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿ ಹಿಂದೆ ಮುಂದೆ ತೂಗಿದಳು. ಅವಳು ಕಿರುಚಲಿಲ್ಲ. ಬಗ್ಗಿ ಮೊರ ಎತ್ತಿಕೊಂಡು ಅಲ್ಲೇ ನಿಂತಳು.

ಲಿಂಗಮ್ಮ ಬಾವನನ್ನೇ ನೋಡುತ್ತಾ ತುಟಿಯ ಮೇಲೆ ಬೆರಳಿಟ್ಟಳು. ರಾಶಿಯ ಬದಿಗೆ ಕೂತಿದ್ದ ಊರಿನ ಮುದುಕ ಕೆಂಪಣ್ಣ ತುಟಿಪಿಟಕ್ಕೆನ್ನದೆ ಅಳೆದ ರಾಗಿಯನ್ನೆಲ್ಲ ರಾಶಿಗೆ ಸುರಿದ. ಜವರಯ್ಯ ಮತ್ತೆ 'ಲಾಭ' ಅನ್ನಬೇಕಾಯಿತು. ನನಗೆ ಹೊಟ್ಟೆ ತುಂಬ ನಗಬೇಕೆನಿಸಿತು, ಆದರೆ ನಗುವಂತಿರಲಿಲ್ಲ.

ಹೊಳೆ ದಾಟಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಎತ್ತಲು ಮುಖ ಬೇಕಲ್ಲ! ಮಾರನೆಯ ದಿನ ಕೊಳಗ ಕಾಣುತ್ತಿಲ್ಲವೆಂದು ಹುಡುಕಿಕೊಂಡು ಬಂದ. ಅದು ಜಗಲಿಯ ಸಾಲಿನಲ್ಲಿತ್ತು, ಮೊರದ ಪಕ್ಕದಲ್ಲಿ. ನಮ್ಮ ಕಡೆ ಹೆಂಗಸರು ಕೊಳಗ ಹಿಡಿದು ಅಳೆದದ್ದೇ ಇಲ್ಲ.

"ಇದ್ಯಾಕೆ ಇಲ್ಲಿಟ್ಟಿದೀಯ?"

"ನಾನಿಟ್ಟಿದ್ದಲ್ಲ ಬಾವ, ಅವ್ಳೇ ಇಟ್ಕೊಂಡವ್ಳೆ. ಮುಂದಿನ ಸುಗ್ಗೀಗೆ."

ಜವರಯ್ಯ ಕೊಳಗಕ್ಕೆ ಕೈ ಚಾಚಿದ. ಲಿಂಗಮ್ಮ ಅಡ್ಡ ಬಂದು ನಿಂತಳು.

"ಮುಟ್ಬ್ಯಾಡಿ. ಸಾಲು ಕೆಡ್ತದೆ."