ಒಂದು ಕೊಡಪಾನ ನೀರಿನ ಪರೀಕ್ಷೆ

ಪಕ್ಕದ ಮನೆಯವರು ಹೊಸ ಕ್ಯಾನ್ವಾಸ್ ಚೀಲವೊಂದನ್ನು ಜಗಲಿಯ ಮೇಲೆ ಬಿಸಿಲಿಗಿಟ್ಟಿದ್ದಾರೆ. ಅದರ ಘಾಟು ಬೆಳಿಗ್ಗೆಯಿಂದ ನನ್ನ ಮೂಗಿಗೆ ಹತ್ತಿಕೊಂಡಿದೆ. ಗಂಡ ಹೆಂಡತಿ ರಾಜಸ್ಥಾನ ನೋಡಲು ಹೊರಟಿದ್ದಾರೆ. "ಮಾಸ್ತರೇ, ಏನೇನು ಒಯ್ಯಬೇಕು, ಒಂದು ಪಟ್ಟಿ ಮಾಡಿಕೊಡಿ" ಎಂದು ನನ್ನನ್ನೇ ಕೇಳಿದರು. ಭೂಗೋಳದ ಮಾಸ್ತರನಾಗಿ ನಿವೃತ್ತನಾದವನು ಮರುಭೂಮಿಯನ್ನು ಕಂಡೇ ಇರುತ್ತಾನೆ ಎಂದು ಅವರ ಎಣಿಕೆ. ಕಂಡಿಲ್ಲ, ಸ್ವಾಮೀ. ಯಾಕೆ ಕಂಡಿಲ್ಲ ಎಂಬುದನ್ನು ನಿಮ್ಮೊಬ್ಬರಿಗೆ ಹೇಳುತ್ತೇನೆ, ಅವರಿಗೆ ಹೇಳಬೇಡಿ.

ಮೂವತ್ತರ ದಶಕದ ಮಾತು. ನಾನಾಗ ಶಿರಸಿಯ ಶಾಲೆಯಲ್ಲಿ ವರ್ಷಕ್ಕೊಮ್ಮೆ ಹಲಗೆಯ ಮೇಲೆ ಒಂಟೆ ಬರೆಯುತ್ತಿದ್ದೆ. ಮಕ್ಕಳು ಅದನ್ನು ಗೂನು ಬಿದ್ದ ಎಮ್ಮೆ ಎನ್ನುತ್ತಿದ್ದವು. ನನ್ನ ಹೆಂಡತಿ ಸಾವಿತ್ರಿಯ ಅಣ್ಣ ಜೋಧಪುರದಲ್ಲಿ ರೈಲ್ವೆ ನೌಕರ. ನಾತಾಳ, ಅಂದರೆ ಕ್ರಿಸ್‌ಮಸ್, ರಜೆಯ ಹೊತ್ತಿಗೆ ಊರಿಗೆ ಬರುತ್ತೇನೆ, ತಿರುಗಿ ಹೋಗುವಾಗ ನೀವಿಬ್ಬರೂ ನನ್ನ ಜೊತೆ ಬನ್ನಿ ಎಂದು ತಂಗಿಗೆ ಕಾಗದ ಬರೆದ. ಅವಳು ಅಷ್ಟು ಓದಿ ಹೇಳಿದ್ದೇ ತಡ, ಉಳಿದದ್ದನ್ನು ಕೇಳದೆ ನಾನು ಪಟ್ಟಿ ಬರೆಯಲು ಕೂತೆ. ಕೊಡೆ, ಲಾವಂಚದ ಬೀಸಣಿಗೆ, ಪಾನಕಕ್ಕೆ ಮುರುಗಲ ಸಿಪ್ಪೆ. ಎಲ್ಲ ಒಂದೊಂದೇ.

"ಒಂದೊಂದೇ ಎಂತಕ್ಕೆ? ಆನು ಬತ್ನಿಲ್ಯ?" ಎಂದಳು ಸಾವಿತ್ರಿ, ತಾನೂ ಬರುವವಳಲ್ಲವೇ ಎಂಬಂತೆ.

ಯಲ್ಲಾಪುರದಾಚೆಯ ಚಂದಗುಳಿಯ ಗಂಟೆ ಗಣಪತಿಯೇ ಅವಳು ಕಂಡಿದ್ದ ದೂರದ ದೇಶ. ಹೋಗಬೇಕೆಂಬ ಆಸೆ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ನನಗೋ ಒಬ್ಬನೇ ತಿರುಗುವ ಚಪಲ. ಹಾಗೆಂದು ಹೇಳಲು ಧೈರ್ಯ ಸಾಲದೆ ಭೂಗೋಳವನ್ನು ಮುಂದೆ ಮಾಡಿದೆ. "ಅಲ್ಲಿ ನೀರೇ ಇಲ್ಲೆ. ಮಿಂದು ಮಡಿಯುಟ್ಟಲ್ಲದೆ ಒಲೆ ಹಚ್ಚದವಳು ನೀನು. ನಿಂಗೆ ಆಗ್ತಿಲ್ಲೆ."

ಅವಳು ಕಾಗದವನ್ನು ಮಡಚಿಟ್ಟಳು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ. ಮಾಸ್ತರಿಕೆ ಬಿಡಬೇಕಲ್ಲ! ಎಂಟು ದಿನ ಇಬ್ಬರೂ ದಿನಕ್ಕೆ ಒಂದೊಂದೇ ಕೊಡಪಾನ ನೀರಿನಲ್ಲಿ ಬದುಕುವುದು, ಮಿಂದದ್ದು, ಕುಡಿದದ್ದು, ತೊಳೆದದ್ದು ಎಲ್ಲ ಅದರಲ್ಲೇ, ಸೋತವರು ಮನೆಯಲ್ಲಿ ಉಳಿಯುವುದು ಎಂದು ಪರೀಕ್ಷೆ ಇಟ್ಟೆ.

"ಅಡ್ಡಿಲ್ಲೆ" ಎಂದಳು.

ಹಿತ್ತಲಲ್ಲಿ ಬಾವಿ ತುಂಬಿ ನಿಂತಿದೆ, ನಾವಿಬ್ಬರೂ ಕೊಡಪಾನಕ್ಕೆ ಗುರುತು ಹಾಕಿಕೊಂಡು ಕೂತಿದ್ದೇವೆ. ಅವಳು ಎರಡು ಚೆಂಬಿನಲ್ಲಿ ಸ್ನಾನ ಮುಗಿಸುತ್ತಿದ್ದಳು. ಪಾತ್ರೆಯನ್ನು ಬೂದಿಯಲ್ಲಿ ತಿಕ್ಕಿ ಬಾಳೆಲೆಯಲ್ಲಿ ಒರೆಸಿಡುತ್ತಿದ್ದಳು. ಸಂಜೆ ಅವಳ ಕೊಡಪಾನದಲ್ಲಿ ಇನ್ನೂ ನೀರು ಉಳಿದಿರುತ್ತಿತ್ತು, ಅದನ್ನು ನನಗೆ ಕಾಣುವಂತೆ ತುಳಸಿಗೆ ಹೊಯ್ಯುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಹಂಡೆ ಬರಿದು ಮಾಡಿ ಮಿಂದವನು. ಮೂರನೆಯ ದಿನಕ್ಕೆ ಮೈಯೆಲ್ಲ ನವೆ. ಐದನೆಯ ದಿನ ಪಾಠದ ನಡುವೆ ಬೆನ್ನು ಕೆರೆದುಕೊಳ್ಳಲು ಅಳತೆಕೋಲು ಬೇಕಾಯಿತು.

ಆರನೆಯ ದಿನ ಶಾಲೆ ಬಿಟ್ಟು ಬರುವಾಗ ಹುಸೇನ್ ಸಾಬರು ಕೆರೆಯ ಬದಿಯಲ್ಲಿ ತಮ್ಮ ಬಸ್ಸು ತೊಳೆಯುತ್ತಿದ್ದರು. ಹಿಂದಿನ ಮಹಾಯುದ್ಧದಲ್ಲಿ ಬಸ್ರಾದ ಮರಳಿನಲ್ಲಿ ಲಾರಿ ಓಡಿಸಿ ಬಂದ ಮನುಷ್ಯ. ಮರುಭೂಮಿಯ ಬೆಳಗು ಕೊರೆಯುತ್ತದೆ, ಕಂಬಳಿ ಮರೆಯಬೇಡಿ ಎಂದು ಅವರು ನಮ್ಮ ಮನೆಗೇ ಬಂದು ಹೇಳಿದ್ದರು. ಪುಸ್ತಕದಲ್ಲಿಲ್ಲ ಎಂದು ನಾನು ನಕ್ಕಿದ್ದೆ. ಈಗ ಅವರ ಬಾಲ್ದಿಯ ನೀರು ಕಂಡು ನನ್ನ ಮಾನ ಮರ್ಯಾದೆ ಎಲ್ಲ ಕರಗಿತು.

"ನಾಲ್ಕು ಬಾಲ್ದಿ ನನ್ನ ಮೇಲೂ ಹಾಕಿ, ಸಾಬರೇ."

"ಮಾಸ್ತರೇ, ಮೊದ್ಲು ಬಸ್ಸು ತೊಳೀಲೋ, ನಿಮ್ಮನ್ನ ತೊಳೀಲೋ?" ಎಂದು ನಗುತ್ತಲೇ ಹೊಯ್ದರು. ಅಂಥ ಸುಖವನ್ನು ನಾನು ಇನ್ನೊಮ್ಮೆ ಕಂಡಿಲ್ಲ. ಪಂಚೆ ಒಣಗುವವರೆಗೆ ಬಿಸಿಲಲ್ಲಿ ನಿಂತು, ತಲೆ ಬಾಚಿ, ಕಳ್ಳಬೆಕ್ಕಿನಂತೆ ಮನೆ ಹೊಕ್ಕೆ. ಸಾವಿತ್ರಿ ಬಡಿಸುತ್ತಾ ಬಗ್ಗಿ ನೋಡಿದಳು.

"ಕಿವಿ ಹಿಂದೆ ಗ್ರೀಸು ಎಂತಕ್ಕೆ ಹತ್ತಿದ್ದು?"

ಆಮೇಲೆ ಹೇಳುವುದೇನಿದೆ? ನಾನೇ ಇಟ್ಟ ಪರೀಕ್ಷೆ. ಅವಳು ಅಣ್ಣನ ಜೊತೆ ಹುಸೇನ್ ಸಾಬರ ಬಸ್ಸಿನಲ್ಲೇ ಹುಬ್ಬಳ್ಳಿಗೆ ಹೊರಟಳು. ಕಂಕುಳಲ್ಲಿ ಕಂಬಳಿ. ನಾನು ಕೈ ಬೀಸಿದೆ. ಹೊಟ್ಟೆಕಿಚ್ಚಿನಿಂದ ಎರಡು ದಿನ ಊಟ ಸೇರಲಿಲ್ಲ.

ಮೂರು ವಾರಕ್ಕೆ ತಿರುಗಿ ಬಂದವಳು ಮರಳಿನ ದಿನ್ನೆ, ಒಂಟೆಯ ನಿಜವಾದ ಆಕಾರ, ಕಂಬಳಿ ಬಿಡಲಾಗದ ಬೆಳಗಿನ ಚಳಿ ಎಲ್ಲ ವರ್ಣಿಸಿದಳು. "ಸ್ನಾನಕ್ಕೆ ಎಂತ ಮಾಡಿದೆ?" ಎಂದು ಕೇಳಿದೆ.

"ಅಣ್ಣನ ಮನೇಲಿ ನಲ್ಲಿ ಇದ್ದು. ಬೇಕಾದಷ್ಟು ನೀರು. ಕಾಗದದಲ್ಲೇ ಬರೆದಿದ್ದ."

ನನಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಅವಳು ಕಂಬಳಿ ಮಡಚುತ್ತಾ ಮೆಲ್ಲಗೆ ಹೇಳಿದಳು, "ನಲ್ಲಿ ಇದ್ದು ಹೇಳಿದ್ರೆ ನಿಂಗ ಬೇರೆ ಎಂತಾದ್ರೂ ನೆವ ಹುಡುಕ್ತಿದ್ರಿ."

ಹುಡುಕುತ್ತಿದ್ದೆ. ಅದು ನನಗೂ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅಂದು ನಾಚಿಕೆಯಾದಷ್ಟು ಬಾಳಿನಲ್ಲಿ ಮತ್ತೆಂದೂ ಆಗಿಲ್ಲ.

ಪಕ್ಕದವರ ಪಟ್ಟಿಯನ್ನು ಈಗಷ್ಟೆ ಸಾವಿತ್ರಿಯೇ ಹೇಳಿ ಬರೆಸಿದಳು. ಜೊತೆಗೆ ಬರುತ್ತೀರಾ ಎಂದು ಅವರು ಅವಳನ್ನು ಕರೆದಿದ್ದಾರಂತೆ, ಅವಳು ಹೂಂ ಅಂದಿದ್ದಾಳಂತೆ. ನನ್ನ ಮಾತು ಯಾರೂ ಎತ್ತಲಿಲ್ಲ. ಅವಳು ಹಿತ್ತಲಲ್ಲಿದ್ದಾಳೆ. ಈ ಸಲ ನಾನೂ ಬರಲೇ ಎಂದು ಹೋಗಿ ಕೇಳಬೇಕು.