ಹಿರೇವಡ್ಡಟ್ಟಿಯಿಂದ ಬಂದ ಸುರಗಿ ಪದ

ಗದಗಿನ ಕಾಲೇಜೊಂದರಲ್ಲಿ ನಾನು ಮಲ್ಟಿಮೀಡಿಯಾ ಪಾಠ ಮಾಡುತ್ತೇನೆ. ಧ್ವನಿ, ಚಿತ್ರ, ವಿಡಿಯೋ ಎಲ್ಲವೂ ಅಂಕಿಗಳಾಗಿ, ಸಣ್ಣ ಸಣ್ಣ ಕಟ್ಟುಗಳಾಗಿ ಊರಿಂದೂರಿಗೆ ಹೇಗೆ ಹರಿಯುತ್ತವೆ ಎಂಬುದು ನನ್ನ ವಿಷಯ. ಬಫರ್ ಎಂದರೇನೆಂದು ಹೇಳಿಕೊಡಲು ನಮ್ಮ ಊರಿಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ನಳದ ನೀರು ಅದಕ್ಕೆ ಮನಸ್ಸು ಬಂದಾಗ ಬರುತ್ತದೆ. ಬಂದಾಗ ಬ್ಯಾರಲ್ ತುಂಬಿಟ್ಟುಕೊಂಡವರ ಅಡುಗೆಮನೆಯಲ್ಲಿ ದಿನವೂ ನೀರು. ಆ ಬ್ಯಾರಲ್ಲೇ ಬಫರ್ ಎಂದರೆ ಬೆಟಗೇರಿಯ ಹುಡುಗಿಯರಿಗೆ ಎರಡನೇ ಸಲ ಹೇಳಬೇಕಾಗಿಲ್ಲ. ಮುಂದಿನ ಮಾತಿಗೆ ಮಾತ್ರ ತರಗತಿ ಆಕಳಿಸುತ್ತದೆ: ಮೊದಲೇ ತುಂಬಿಟ್ಟ ಹಾಡಿಗೆ ಎಷ್ಟು ದೊಡ್ಡ ಬ್ಯಾರಲ್ ಇದ್ದರೂ ನಡೆದೀತು, ಎದುರುಬದುರಾಗಿ ಮಾತಾಡುವಾಗ ನಡೆಯದು, ಅದು ತುಂಬುವವರೆಗೆ ಎದುರಿನವರು ಕಾಯಬೇಕಾಗುತ್ತದೆ. ಈ ಮಾತಿನ ಬಿಸಿ ನನಗೇ ತಟ್ಟಿದ್ದು ಮಗಳ ಮದುವೆಯಲ್ಲಿ.

ಮದುವೆ ಲಕ್ಷ್ಮೇಶ್ವರದ ನಮ್ಮ ಮನೆಯಂಗಳದಲ್ಲಿ. ನಮ್ಮಲ್ಲಿ ಮದುವೆಗೆ ಮುಂಚೆ ಸುರಗಿ ಎಂಬುದೊಂದಿದೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರೆರೆಯುತ್ತಾರೆ. ಎರೆಯುವಾಗ ಪದ ಹಾಡಬೇಕು. ಮೊದಲ ಸಾಲನ್ನು ಎತ್ತುವ ಹಕ್ಕು ನಮ್ಮ ಮನೆತನದಲ್ಲಿ ಸೋದರತ್ತೆಯದು. ಅವಳು ಒಂದು ಸಾಲು ಹೇಳುವುದು, ಸುತ್ತಲಿನ ಹೆಂಗಸರು ಅದನ್ನೇ ತಿರುಗಿ ಹೇಳುವುದು. ಕೊನೆಯ ಸಾಲಿನಲ್ಲಿ ಅತ್ತೆ ಮದುಮಗಳನ್ನು ಹೆಸರು ಹಿಡಿದು ಕರೆಯುತ್ತಾಳೆ, ಆಗ ಕಡೆಯ ತಂಬಿಗೆಯ ನೀರು ತಲೆಯ ಮೇಲೆ.

ನನಗಿರುವುದು ಒಬ್ಬಳೇ ಅಕ್ಕ, ಹಿರೇವಡ್ಡಟ್ಟಿಗೆ ಕೊಟ್ಟಿದ್ದೇವೆ. ಮಕ್ಕಳಲ್ಲಿ ನನ್ನ ಮಗಳೆಂದರೆ ಅವಳಿಗೆ ಜೀವ. ಸುರಗಿಗೆಂದೇ ಅಟ್ಟದ ಮೇಲಿನ ತಾಮ್ರದ ತಂಬಿಗೆಗಳನ್ನು ಇಳಿಸಲು ನಿಚ್ಚಣಿಕೆ ಹತ್ತಿ, ಜಾರಿ ಕಾಲು ಮುರಿದುಕೊಂಡಳು. ಮುಂಡರಗಿಯ ಡಾಕ್ಟರು ಪ್ಲಾಸ್ಟರ್ ಹಾಕಿ, ಹಾಸಿಗೆ ಬಿಟ್ಟು ಏಳಕೂಡದು ಎಂದರು. ತಂಬಿಗೆಗಳು ಬಂದವು, ಅಕ್ಕ ಬರಲಿಲ್ಲ.

"ಫೋನಿನ್ಯಾಗ ಹಾಡಸ್ತೀನಿ ಬಿಡಕ್ಕಾ, ಅದ ನನ್ನ ಕೆಲಸ ಐತಿ," ಎಂದು ದೊಡ್ಡದಾಗಿ ಹೇಳಿದೆ.

ಸುರಗಿಯ ಹಿಂದಿನ ದಿನ ಮಧ್ಯಾಹ್ನ ಒಮ್ಮೆ ಪರೀಕ್ಷೆ ಮಾಡಿದೆವು. ಅಲ್ಲಿ ಅಕ್ಕನ ಸೊಸೆ ವಿಡಿಯೋ ಕರೆಗೆ ಫೋನು ಹಿಡಿದಳು, ಇಲ್ಲಿ ನನ್ನ ಫೋನನ್ನು ಸ್ಪೀಕರಿಗೆ ಜೋಡಿಸಿದೆ. ತಿರುಗಿ ಹೇಳುವ ಹೆಂಗಸರಿಗೆ ಅಡರಕಟ್ಟಿಯ ನಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ, ಮುಂದಾಳು. ಅಕ್ಕ ಎತ್ತಿದಳು, ಇವರು ತಿರುಗಿ ಹೇಳಿದರು, ಆಮೇಲೆ ಮೌನ. ಮತ್ತೆ ಅಕ್ಕ, ಮತ್ತೆ ಇವರು, ಇನ್ನೂ ಉದ್ದದ ಮೌನ. ಹೋಗುವಾಗ ಒಂದಷ್ಟು ತಡ, ಬರುವಾಗ ಒಂದಷ್ಟು ತಡ. ಆ ಸಂದು ಬರಿದಾಗಿ ಕಾಣಬಾರದೆಂದು ಅಕ್ಕ ಸಾಲಿನ ತುದಿಯನ್ನು ಎಳೆದಳು. ಅವಳ ಎಳೆತ ಮುಗಿಯಲೆಂದು ಇವರು ಕಾದರು. ಪದದ ಮೇಲೆ ಪದ ಬೀಳಬಾರದು ಎಂಬುದು ನಮ್ಮ ಹೆಂಗಸರ ಕಟ್ಟುನಿಟ್ಟು. ಒಬ್ಬರ ಸಾಲು ಮುಗಿಯದೆ ಇನ್ನೊಬ್ಬರು ಬಾಯಿ ತೆರೆದರೆ ಮರ್ಯಾದೆಗೆ ಕುಂದು. ಎರಡೂ ಕಡೆಯ ಮರ್ಯಾದೆಯಲ್ಲಿ ಪದ ನಾಲ್ಕನೇ ಸಾಲಿಗೇ ನಿಂತುಹೋಯಿತು.

"ನಿಮ್ಮಕ್ಕಗ ದಮ್ಮು ಸಾಲವಲ್ದೋ," ಎಂದಳು ಚಿಗವ್ವ.

"ಅವರೆಲ್ಲಾ ಊಟಾ ಮಾಡಿ ತೂಕಡಸಾಕತ್ತಾರೇನ?" ಎಂದು ಆ ಕಡೆಯಿಂದ ಅಕ್ಕ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಯಾರದೂ ತಪ್ಪಿಲ್ಲ, ನೆಟ್‌ವರ್ಕಿಂದು!" ಎಂದು ಒದರಿದೆ. ಯಾರೂ ನಂಬಲಿಲ್ಲ. ಯಾರೋ, ಅಕ್ಕನ ಪದವನ್ನು ಮೊದಲೇ ರೆಕಾರ್ಡ್ ಮಾಡಿ ಹಚ್ಚಿಬಿಡಿ ಎಂದರು. ಲೆಕ್ಕಕ್ಕೆ ಅದೇ ಸರಿ. ಅಕ್ಕನನ್ನು ಕೇಳಿದೆ.

"ನಿನ್ನಿ ಹಾಡಿದ ಪದಕ್ಕ ಇವತ್ತು ನೀರು ಹಾಕ್ತಾರೇನಲೇ? ಬ್ಯಾಡ ಬಿಡು. ಚಿಗವ್ವನ ಎತ್ಲಿ. ನನ್ನ ನಸೀಬದಾಗ ಇದ್ದಿಲ್ಲಂತ ತಿಳೀತೀನಿ."

ನಸೀಬದ ಮಾತು ಅಕ್ಕನ ಬಾಯಲ್ಲಿ ಬಂದದ್ದನ್ನು ನಾನು ಅಷ್ಟಾಗಿ ಕೇಳಿದವನಲ್ಲ. ಅವಳ ಸಾಲನ್ನು ಬೇರೆಯವರು ಎತ್ತುವುದನ್ನು ಅವಳು ಹಾಸಿಗೆಯಲ್ಲಿ ಮಲಗಿ ಕೇಳಬೇಕು. ಅದು ಆಗಕೂಡದು ಎಂದು ಅಂಗಳದ ಕಟ್ಟೆಯ ಮೇಲೆ ಕುಳಿತು, ತರಗತಿಯಲ್ಲಿ ಹೇಳುವುದನ್ನೆಲ್ಲ ನನಗೇ ಹೇಳಿಕೊಂಡೆ.

ಹಾಳು ಮಾಡುತ್ತಿದ್ದುದು ಹೋಗಿಬರುವ ತಡ. ಅಕ್ಕನ ಧ್ವನಿ ಒಂದೇ ದಿಕ್ಕಿಗೆ ಹರಿದರೆ ಅದು ತಡವಾಗಿ ಬಂತೆಂದು ಇಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಅವಳಿಗೆ ನಮ್ಮ ಧ್ವನಿ ಕೇಳಿಸಬಾರದು ಅಷ್ಟೇ. ತನ್ನ ಸಾಲು ಹೇಳಿ, ನಮ್ಮ ಸಾಲಿಗೆ ಬೇಕಾದಷ್ಟು ಜಾಗ ಬಿಟ್ಟು, ಮುಂದಿನದನ್ನು ಎತ್ತಬೇಕು. ಚಿತ್ರವೂ ಬೇಡ. ಕಣ್ಣು ಹರಕುಮುರುಕು ಚಿತ್ರವನ್ನು ಕ್ಷಮಿಸುತ್ತದೆ, ಕಿವಿ ಹರಿದ ಧ್ವನಿಯನ್ನು ಕ್ಷಮಿಸುವುದಿಲ್ಲ. ಹಿರೇವಡ್ಡಟ್ಟಿಯ ಅವರ ಮನೆಯೊಳಗೆ ಸಿಗುವಷ್ಟು ನೆಟ್‌ವರ್ಕನ್ನು ಪೂರ್ತಿ ಧ್ವನಿಗೇ ಬಿಡಬೇಕು.

"ನೋಡಬ್ಯಾಡ, ಕೇಳಬ್ಯಾಡ, ಬರೇ ಹಾಡು ಅಂತಿ," ಎಂದಳು ಅಕ್ಕ. "ನಾ ಏನ ರೇಡಿಯೋ ಏನ?" ಆದರೆ ಧ್ವನಿಯಲ್ಲಿ ಮತ್ತೆ ಜೀವ ಬಂದಿತ್ತು. "ಅವರು ತಿರುಗಿ ಹೇಳಿದ್ದು ನನಗ ಹೆಂಗ ಗೊತ್ತಾಗಬೇಕೋ?"

"ಹೇಳ್ತಾರಂತ ನಂಬಬೇಕಕ್ಕಾ."

ಮರುದಿನ ಬೆಳಗ್ಗೆ ಮಗಳು ನೂಲಿನೊಳಗೆ ಮೈತುಂಬ ಅರಿಷಿಣ ಹಚ್ಚಿಕೊಂಡು ಕುಳಿತಳು. ನಮ್ಮ ಕಡೆಯ ಮೈಕು ಮುಚ್ಚಿದೆ, ಎರಡೂ ಕಡೆಯ ಚಿತ್ರ ಆರಿಸಿದೆ. ಅಕ್ಕ ಎತ್ತಿದಳು. ಧ್ವನಿ ಸ್ವಚ್ಛವಾಗಿತ್ತು, ಎಲ್ಲೋ ಕೋಳಿ ಕೂಗಿದ್ದೂ ಕೇಳಿಸಿತು. ಸಾಲು ಮುಗಿಯಿತು. ಹೆಂಗಸರು ತಿರುಗಿ ಹೇಳಿದರು, ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಕ್ಕನ ಮುಂದಿನ ಸಾಲು ಬಂತು. ಎಷ್ಟೋ ಮದುವೆಗಳಲ್ಲಿ ಇವರ ಮುಂದೆ ನಿಂತು ಹಾಡಿದವಳು. ಇವರ ಸಾಲು ಎಷ್ಟುದ್ದ, ಎಲ್ಲಿ ಉಸಿರು ಎಂಬುದು ಅವಳ ಮೈಯಲ್ಲೇ ಇತ್ತು. ಚಿಗವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಎದೆ ಉಬ್ಬಿಸಿ ನಿಂತೆ, ಪದ ನಾನೇ ಹಾಡುತ್ತಿದ್ದೇನೆ ಎಂಬಂತೆ.

ಕೊನೆಯ ಸಾಲು ಬಂತು. ಅರ್ಧಕ್ಕೆ, ಮಗಳ ಹೆಸರು ಬರಬೇಕಾದಲ್ಲಿ, ನಿಂತಿತು.

ಕಡೆಯ ತಂಬಿಗೆ ಎತ್ತಿ ಹಿಡಿದ ಕೈ ಹಾಗೇ ಉಳಿಯಿತು. "ಹೋತೇನೋ ನೆಟ್‌ವರ್ಕು?" ಎಂದಳು ಚಿಗವ್ವ. ಫೋನು ನೋಡಿದೆ. ಕರೆ ಕಡಿದಿರಲಿಲ್ಲ. ಕೋಳಿ ಮತ್ತೆ ಕೂಗಿತು, ಬಳೆ ಸದ್ದಾಯಿತು.

"ನೆಟ್‌ವರ್ಕ್ ಅಲ್ಲಪ್ಪಾ," ಎಂದಳು ಮಗಳು, ತಲೆ ಎತ್ತದೆ. "ಅತ್ತಿ ಅಳಾಕತ್ತಾಳ."

ಅಕ್ಕ ಅಲ್ಲಿ ಹಾಸಿಗೆಯಲ್ಲಿ, ನಮ್ಮಲ್ಲಿ ಯಾರನ್ನೂ ಕಾಣದೆ, ಯಾರ ಧ್ವನಿಯೂ ಕೇಳದೆ, ಆ ಒಂದು ಹೆಸರಿಗೆ ಬಂದು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಮುಚ್ಚಿದ ಮೈಕನ್ನು ತೆರೆದೆ. ತಡ ಆಗುವುದಿದ್ದರೆ ಆಗಲಿ, ಸುಡಲಿ.

"ಎತ್ರಿ," ಎಂದೆ. "ಆಕಿಗೆ ಕೇಳಸ್ತೈತಿ ಈಗ."

ಚಿಗವ್ವ ಮಗಳ ಹೆಸರು ಹಿಡಿದು ಸಾಲೆತ್ತಿದಳು, ಎಲ್ಲರೂ ಸೇರಿದರು. ಸಾಲು ಅರ್ಧ ದಾಟಿದಾಗ ಸ್ಪೀಕರಿನಲ್ಲಿ ಅಕ್ಕನ ಧ್ವನಿ ಬಂತು, ಅಳುತ್ತ, ಅದೇ ಹೆಸರನ್ನು ಕರೆಯುತ್ತ, ಎಲ್ಲರಿಗಿಂತ ಹಿಂದೆ. ಪದದ ಮೇಲೆ ಪದ ಬಿತ್ತು. ಯಾರೂ ನಿಲ್ಲಿಸಲಿಲ್ಲ. ಅವಳ ಹಾಡು ಮುಗಿಯುವವರೆಗೆ ಹೆಂಗಸರು ಅದೇ ಸಾಲನ್ನು ಮತ್ತೆ ಮತ್ತೆ ಹೇಳಿದರು, ಆಮೇಲೆ ನೀರೆರೆದರು.

ಚಿತ್ರ ಹಚ್ಚಿದೆ. ಒದ್ದೆ ತಲೆಯ ಮಗಳನ್ನು ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

"ನಾ ಹಿಂದ ಬಿದ್ನೇನೋ ತಮ್ಮಾ?"

"ಇಲ್ಲಕ್ಕಾ," ಎಂದೆ. "ಬರೋಬ್ಬರಿ ಬಂದಿ."